ಹಿಂಡಿ ಪೊಟ್ಟಣದ ಮೇಲೆ ಅತ್ತೆಯ ಮುಖ

ಗುರುವಾರ, 20 ನವೆಂಬರ್ 2025. ಮಟಕಿ

ಕ್ಲಾಸಿನ ಆ ನಗು ಇನ್ನೂ ಕಿವಿಯಿಂದ ಹೋಗಿಲ್ಲ. ನಮ್ಮ ತರಬೇತಿಯಲ್ಲಿ ಪೊಟ್ಟಣ ವಿನ್ಯಾಸದ ಪಾಠ ಹೇಳಲು ಹೈದರಾಬಾದಿನಿಂದ ಬಂದಿರುವ ಡಿಸೈನರ್ ನಂದಕಿಶೋರ, ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ನಾನು ಮಾಡಿದ ಪೊಟ್ಟಣವನ್ನು ಎಲ್ಲರಿಗೂ ಎತ್ತಿ ತೋರಿಸಿದ. ಅದರ ಮೇಲೆ ಹಿಂಡಿ ಕುಟ್ಟುವ ನಿಂಬೆವ್ವ ಅತ್ತೆಯ ಮುಖ ಬರೆದಿದ್ದೆ.

“ಹಿಂಡಿ ಮಾರಾಕತ್ತೀಯೋ, ಮುದುಕೀನ ಮಾರಾಕತ್ತೀಯೋ?” ಕ್ಲಾಸೆಲ್ಲ ನಕ್ಕಿತು.

“ಅತ್ತಿ ಕೈರುಚಿಗೇ ಜನ ಬರ್ತಾರ್ರಿ ಸರ್.”

“ನೌಕರಿ ಬೇಕಂದ್ರ ಎದುರು ಮಾತಾಡೋದು ಬಿಡು. ಮುಖ ತೆಗಿ.”

ಹಲ್ಲು ಕಚ್ಚಿ ಮುಖವಿಲ್ಲದ ಇನ್ನೊಂದು ಪೊಟ್ಟಣ ಮಾಡಿದೆ. ಮನೆಗೆ ಬಂದು ಎರಡನ್ನೂ ಅತ್ತೆಯ ಮುಂದಿಟ್ಟೆ. ಅವಳು ಮುಖವಿಲ್ಲದ್ದನ್ನೇ ಎತ್ತಿಕೊಂಡಳು. “ಇದ ಚಂದ ಅದ ಬೇ. ಹೆಸರು ದೂರಿಂದ ಕಾಣ್ತದ.”

ಕಾಣುತ್ತದೆ, ನಿಜ. ಅವನು ಹೇಳಿದ್ದೇ ಸರಿ ಎಂಬುದಕ್ಕೆ ಸಿಟ್ಟು ಇನ್ನಷ್ಟು ಏರಿದೆ. ತೆಗಿ ಅಂದಿದ್ದರೆ ಸಾಕಿತ್ತು; ಮುದುಕಿ ಅನ್ನಬೇಕಿರಲಿಲ್ಲ. ನಾಳೆಯೂ ಅವನ ಪಾಠವಿದೆ. ಮುಂದಿನ ಬೆಂಚಿನಲ್ಲೇ ಕೂತು ಎಲ್ಲವನ್ನೂ ಕಲಿಯುತ್ತೇನೆ. ನಮಸ್ಕಾರ ಮಾತ್ರ ಮಾಡುವುದಿಲ್ಲ.