ಎಲ್ಲ ಹೊಲದ ಹೆಸರೂ ಉದಾಹರಣೆ-ಒಂದು

ಕೃಷ್ಣೆಯ ಹಿನ್ನೀರಿನ ದಡ, ಬಾಗಲಕೋಟೆ
ಜೂನ್ ೩೧, ೨೩೧೭

ಹರಟೆಕಟ್ಟೆ ತಂತ್ರಾಂಶ ಬರೆದ ಪುಣ್ಯಾತ್ಮರೇ,

ತಾರೀಖು ಕಂಡು ಹುಬ್ಬೇರಿಸಬೇಡಿ. ನಮ್ಮಲ್ಲಿ ಜೂನ್‌ಗೂ ಮೂವತ್ತೊಂದು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದೇ ನಿಮ್ಮ ಕೈಪಿಡಿಯಿಂದ, ಅದರಲ್ಲಿರುವುದೋ ಒಂದೂವರೆ ಪುಟ. ಇದು ಹಿನ್ನೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ. ಒಬ್ಬರಿಗೆ ಜನ್ಮಕ್ಕೆ ಒಂದೇ. ಎಲ್ಲರೂ ತೀರಿಹೋದ ಅವ್ವನಿಗೋ ಅಜ್ಜನಿಗೋ ಬರೆಯುತ್ತಾರೆ. ನಾನು ನನ್ನದನ್ನು ನಿಮಗೆ ಸುರಿಯುತ್ತಿದ್ದೇನೆ, ನನ್ನ ಕರ್ಮ.

ನಾವು ತೇಲುಹೊಲದವರು. ಜೊಂಡಿನ ಹಾಸಿನ ಮೇಲೆ ಮಣ್ಣು ಹರಡಿ, ನೀರಿನ ಮೇಲೆಯೇ ಮೆಂತ್ಯೆ, ಬದನೆ, ಸವತೆ ಬೆಳೆಯುತ್ತೇವೆ. ಹೊಲ ತೇಲಿಹೋಗದಂತೆ ನಡುನೀರಿನ ಗೂಟಕ್ಕೆ ಹಗ್ಗ ಬಿಗಿದಿರುತ್ತದೆ. ಬೆಳೆ ಕಾಯುವವರು ಅದರ ಮೇಲೆಯೇ ಗುಡಿಸಲು ಹಾಕಿಕೊಂಡಿರುತ್ತಾರೆ. ಪ್ರತಿ ಹೊಲಕ್ಕೂ ಒಂದು ಕೂಗುಪೆಟ್ಟಿಗೆ. ಅದಕ್ಕೆ ದನಿಯಿಲ್ಲ, ಇರುವುದು ಒಂದೇ ಗುಂಡಿ. ಅಪಾಯ ಬಂದಾಗ ಒತ್ತಿದರೆ ದಡದ ಹಲಗೆಯ ಮೇಲೆ ಆ ಹೊಲದ ಹೆಸರು ಮೂಡುತ್ತದೆ. ಯಾರ ಹೊಲವೆಂದು ತಿಳಿದರೆ ಸಾಕು, ಗಾಳಿ ಅದನ್ನು ಎತ್ತ ತಳ್ಳಿರುತ್ತದೆಂದು ನಮ್ಮ ಅಂಬಿಗರು ಕಣ್ಣುಮುಚ್ಚಿ ಹೇಳುತ್ತಾರೆ. ಪೆಟ್ಟಿಗೆಯಿಂದ ಹಲಗೆಗೆ ಸುದ್ದಿ ಸಾಗಿಸುವುದು ನಿಮ್ಮ ಹರಟೆಕಟ್ಟೆ. ಯಾರು ಬೇಕಾದರೂ ಪುಕ್ಕಟೆ ಬಳಸಿ ಎಂದು ಬಿಟ್ಟುಕೊಟ್ಟಿರಿ, ಮೂರು ನೂರು ವರ್ಷದಿಂದ ಎಲ್ಲರೂ ಬಳಸುತ್ತಲೇ ಬಂದಿದ್ದಾರೆ. ಹಾಳಾದ್ದು ಕೆಡುವುದೂ ಇಲ್ಲ, ಅರ್ಥವಾಗುವುದೂ ಇಲ್ಲ.

ಈ ಉಗಾದಿಗೆ ನನ್ನ ಮಗಳು ಶಿವಲೀಲಾ ತನ್ನದೇ ಹೊಲ ಕಟ್ಟಿಕೊಂಡಳು. ಅವಳ ಪೆಟ್ಟಿಗೆ ಸಿದ್ಧಮಾಡಲು ನಾನೇ ಕೂತೆ. ಕೈಪಿಡಿಯಲ್ಲಿ ‘ಶುರುಮಾಡುವುದು ಬಲು ಸುಲಭ’ ಎಂದಿದ್ದೀರಿ. ಆಹಾ! ಕೆಳಗೆ ನಾಲ್ಕು ಸಾಲಿನ ಮಾದರಿ, ಅದರಲ್ಲಿ ಯಂತ್ರದ ಹೆಸರು ‘ಉದಾಹರಣೆ-ಒಂದು’. ಅದನ್ನು ಅಳಿಸಿ ‘ಶಿವಲೀಲಾ’ ಎಂದು ಬರೆದೆ. ‘ಏನೋ ತಪ್ಪಾಗಿದೆ’ ಎಂದಿತು ನಿಮ್ಮ ಹರಟೆಕಟ್ಟೆ. ಏನು ತಪ್ಪು, ಎಲ್ಲಿ ತಪ್ಪು, ಬಾಯಿ ಬಿಡಲೊಲ್ಲದು. ಪುಟ ತಿರುವಿದರೆ ‘ಹೆಸರು ಬದಲಿಸುವ ಬಗೆ’ ಎಂಬ ತಲೆಬರಹ, ಅದರಡಿಯಲ್ಲಿ ‘ಆಮೇಲೆ ಬರೆಯುತ್ತೇನೆ’. ಆಮೇಲೆ ಅಂದರೆ ಯಾವಾಗಪ್ಪಾ? ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಮಣ್ಣಾದರು. ತಂತ್ರಾಂಶದ ಒಳಗನ್ನೇ ಓದೋಣವೆಂದರೆ, ಸಾವಿರಾರು ಸಾಲಿಗೆ ಒಂದೇ ಒಂದು ಟಿಪ್ಪಣಿ: ‘ಇದನ್ನು ಮುಟ್ಟಬೇಡಿ.’ ತಲೆ ಚಿಟ್ಟು ಹಿಡಿಯಿತು.

ನನ್ನ ಒದ್ದಾಟ ಕಂಡು ಅಂಬಿಗರ ಹಿರಿಯ ಫಕೀರಪ್ಪಕಾಕಾ ನಕ್ಕ. “ಪುಸ್ತಕದಾಗ ಹೆಂಗೈತಿ ಹಂಗ ಬರಿಬೇಕವ್ವಾ. ಒಂದಕ್ಷರ ಆಚೀಚಿ ಆತಂದ್ರ ಇದ್ದದ್ದೂ ಹೋಗತೈತಿ” ಎಂದ. ನಮ್ಮ ದಡದ ರೂಢಿಯೇ ಅದು: ಮಾದರಿಯನ್ನು ಅಕ್ಷರವೂ ಬಿಡದೆ ಇಳಿಸಿ, ಪೆಟ್ಟಿಗೆಗೆ ವಿಭೂತಿ ಹಚ್ಚಿ, ಕೈಮುಗಿಯುವುದು. ಕೊನೆಗೆ ನಾನೂ ಹಾಗೆಯೇ ಇಳಿಸಿದೆ. ಹೀಗಾಗಿ ಇಲ್ಲಿ ಎಲ್ಲ ಹೊಲದ ಹೆಸರೂ ಉದಾಹರಣೆ-ಒಂದು. ಮೊದಲು ಹೊಲಗಳು ಕಡಿಮೆ, ದಡಕ್ಕೆ ಕಾಣುವಷ್ಟು ಹತ್ತಿರ, ಯಾರಿಗೂ ತೊಂದರೆಯಾಗಲಿಲ್ಲ. ಈಗ ಕಣ್ಣಳತೆ ದಾಟಿ ಹರಡಿಕೊಂಡಿವೆ.

ಇವತ್ತು ಬೆಳಿಗ್ಗೆ ಬಿರುಗಾಳಿ ಎದ್ದಿತು. ಎಷ್ಟೋ ಹೊಲಗಳು ಹಗ್ಗ ಹರಿದುಕೊಂಡು ದಿಕ್ಕಿಗೊಂದಾಗಿ ಹೋಗಿವೆ, ಶಿವಲೀಲಾಳದೂ ಹೋಗಿದೆ. ಯಾರೋ ಒಂದೇ ಸಮನೆ ಗುಂಡಿ ಒತ್ತುತ್ತಿದ್ದಾರೆ. ಹಲಗೆಯ ಮೇಲೆ ಉದಾಹರಣೆ-ಒಂದು, ಮತ್ತೆ ಉದಾಹರಣೆ-ಒಂದು. ದಡದಲ್ಲಿ ಉಳಿದಿರುವುದು ಒಂದೇ ದೋಣಿ. ಫಕೀರಪ್ಪಕಾಕಾ ಹುಟ್ಟು ಹಿಡಿದು ನಿಂತಿದ್ದಾನೆ. “ಎತ್ತಾಗ ಹೋಗ್ಲಿ, ನೀನ ಹೇಳವ್ವಾ” ಅನ್ನುತ್ತಾನೆ. ಏನು ಹೇಳಲಿ? ಅದು ನನ್ನ ಮಗಳೋ, ಇನ್ನೊಬ್ಬರ ಮಗಳೋ. ನಿಮ್ಮ ಮೇಲೆ ಸಿಟ್ಟು ನೆತ್ತಿಗೇರಿದೆ.

ನೀವು ಕೆಟ್ಟವರಲ್ಲ, ಗೊತ್ತು. ಕಡಲೆ ಕೊಟ್ಟಿರಿ, ಹಲ್ಲು ಕೊಡುವುದನ್ನು ಮರೆತಿರಿ. ಕೈಮುಗಿಯುತ್ತೇನೆ, ಮುಂದಿರುವ ಚಹಾ ಆರುವುದರೊಳಗೆ ಹೆಸರು ಬದಲಿಸುವ ಆ ಒಂದು ಸಾಲು ಬರೆದುಬಿಡಿ. ನೀವು ಬರೆದ ಕ್ಷಣವೇ ಈ ಹಿನ್ನೋಲೆಗೆ ಕಾರಣ ಉಳಿಯದೆ ಅದು ನನ್ನ ಕೈಯಿಂದ ಮಾಯವಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಅದಕ್ಕೇ ಸಹಿ ಹಾಕದೆ ಕಾದು ನೋಡಿದೆ. ಕಾಗದ ಇನ್ನೂ ಕೈಯಲ್ಲೇ ಇದೆ.

ನೀಲವ್ವ,
ಶಿವಲೀಲಾಳ ಅವ್ವ