ಪುಂಡಿಪಲ್ಯದ ಕೈರುಚಿ

ಹೊಸಪೇಟೆ, ಕಾಲುವೆ ದಂಡೆ
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಸೊಸೆ ಪಲ್ಲವಿಗೆ ಅತ್ತೆ ಪಂಪಮ್ಮನ ಆಶೀರ್ವಾದಗಳು.

ಮೈ ಹೇಗಿದೆ? ಕೂಸು ಹೊಟ್ಟೆತುಂಬ ಹಾಲು ಕುಡಿಯುತ್ತಿದೆಯೇ? ಬಾಣಂತಿಗೆ ಸಬ್ಬಸಿಗೆ ಸೊಪ್ಪು ಒಳ್ಳೆಯದೆಂದು ಮಗ ಹಂಪೇಶನ ಕೈಯಲ್ಲಿ ಕಳಿಸಿದ್ದೇನೆ. ಕಂಪ್ಲಿಯಲ್ಲಿ ನಿಮ್ಮವ್ವ ಮೂರು ಹೊತ್ತೂ ಅನ್ನವನ್ನೇ ಬಡಿಸುತ್ತಿರಬೇಕು, ಭತ್ತದ ಊರಿನವರಿಗೆ ಬೇರೆ ಏನು ಗೊತ್ತು. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀ, ನಿಮ್ಮವ್ವ ಪಕ್ಕದಲ್ಲಿ ಕೂತು ನನ್ನ ಮಾತಿಗೆಲ್ಲ ಹೂಂಗುಡುತ್ತಾಳೆ. ಅದಕ್ಕೇ ಈ ಕಾಗದ. ಇದನ್ನು ಅವಳಿಗೆ ಓದಿ ಹೇಳಬೇಡ.

"ಕೂಸು ಬಂತು, ಇನ್ನ ಸಂತಿ ಅತ್ತೀನೇ ನೋಡಿಕೊಳ್ಳಲಿ" ಎಂದು ಹಂಪೇಶನ ಮುಂದೆ ಹೇಳಿದೆಯಂತೆ. ಸುಳ್ಳೇಕೆ ಹೇಳಲಿ, ಕೇಳಿ ಖುಷಿಯಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನನ್ನ ಕಾಲ ಇಷ್ಟು ಜಲ್ದಿ ತಿರುಗಿ ಬಂತಲ್ಲ ಎನಿಸಿತು. ಊರಿನವರು ರೈತರ ಸಂತೆ ಶುರುಮಾಡಿದ ದಿನದಿಂದ ಅಲ್ಲಿ ನಿನ್ನದೇ ದರ್ಬಾರು. ಬೆಳೆದವರೇ ಕೂತು ಮಾರಬೇಕು ಎಂಬುದು ಆ ಸಂತೆಯ ಕಟ್ಟಳೆ. ಹಾಗಿದ್ದರೆ ಕೂರಬೇಕಾದವಳು ಯಾರು? ಆ ಹುಳಿ ಪುಂಡಿ ಸೊಪ್ಪಿನ ಬೀಜ ನಾನು ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು.

ಮೊದಲ ಭಾನುವಾರ ಹೀಗೆ ಹಮ್ಮಿನಿಂದಲೇ ಹೋಗಿ ಕೂತೆ. ಬಂದವರೆಲ್ಲ ಸೊಪ್ಪು ನೋಡುವ ಮೊದಲು ಸುತ್ತ ನೋಡಿ "ಪಲ್ಲವಿ ಎಲ್ರೀ?" ಅನ್ನುವವರೇ. ನಾನು ಯಾರು ಎಂದು ಒಬ್ಬರಾದರೂ ಕೇಳಲಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಬರುತ್ತಾಳಲ್ಲ, ಮೈಸೂರು ಕಡೆಯ ವಿಜಯಲಕ್ಷ್ಮೀ, ಅವಳಂತೂ "ಪಲ್ಲವಿಯ ಪುಂಡಿಪಲ್ಯ ನಮ್ಮನೇಲಿ ಎಲ್ರಿಗೂ ಹಿಡಿಸ್ತು, ಈ ಸಲ ರಾಜಗಿರಿ ಸೊಪ್ಪು ಹೇಗೆ ಮಾಡೋದು ಹೇಳಿ" ಎಂದಳು. ಪಲ್ಲವಿಯ ಪುಂಡಿಪಲ್ಯ! ನನ್ನ ಹೊಟ್ಟೆ ಧಗಧಗ ಉರಿಯಿತು ನೋಡು. ಮದುವೆಯಾಗಿ ಬಂದ ಹೊಸತರಲ್ಲಿ ಪುಂಡಿಯನ್ನು ದನದ ಮೇವು ಅಂದುಕೊಂಡಿದ್ದವಳು ನೀನು. ಬೇಳೆ ಎಷ್ಟು, ಜೋಳದ ನುಚ್ಚು ಯಾವಾಗ, ಬೆಳ್ಳುಳ್ಳಿ ಒಗ್ಗರಣೆ ಹೇಗೆ ಎಂದು ಒಲೆಯ ಮುಂದೆ ಕೂರಿಸಿ ಕಲಿಸಿದವಳು ನಾನು. ಬಾಯಿ ತಡೆಯಲಿಲ್ಲ. "ಸೊಪ್ಪು ಮಾರಾಕ ಕುಂತೀನ್ರಿ, ಅಡಿಗಿ ಕಲಸೋ ಸಾಲಿ ತೆಗದಿಲ್ಲ" ಅಂದುಬಿಟ್ಟೆ. ಆಕೆ ಕೈಯಲ್ಲಿದ್ದ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟು ಹೋದಳು.

ಮುಂದಿನ ಭಾನುವಾರ ಅವಳೂ ಬರಲಿಲ್ಲ, ಅವಳ ಜೊತೆಯವರೂ ಬರಲಿಲ್ಲ. ಪುಂಡಿ ಬಾಡಿತು, ಮನೆಗೆ ತಂದು ಎಮ್ಮೆಗೆ ಹಾಕಿದೆ. ಪಕ್ಕದಲ್ಲಿ ಬಾಳೆಹಣ್ಣು ಮಾರುವ ಜಡೆಪ್ಪ ನನ್ನ ಗಂಟುಮುಖ ನೋಡಿ ಮೊದಲು ನಕ್ಕ. "ಪುಂಡಿಗಿಂತ ನಿಮ್ಮ ಮಾರೀನ ಹುಳಿ ಆಗೇತಲ್ರಿ ಪಂಪಮ್ಮಾರ" ಎಂದ. ಆಮೇಲೆ ನಗು ಬಿಟ್ಟು, "ಅವರು ಎಲ್ಲೆಲ್ಲಿಂದನೋ ಬಂದವ್ರು. ಅಡಿಗಿ ಗೊತ್ತಿರಲಿಲ್ಲ ಅಂದ್ರ ನಮ್ಮ ಸೊಪ್ಪು ಯಾಕ ಒಯ್ತಾರ? ಇವರೂ ಹೋದ್ರ ಮತ್ತ ದಲ್ಲಾಳಿ ಬಾಗಿಲಾಗ ನಿಂದ್ರೋದ ಗತಿ" ಎಂದ. ಆ ದಲ್ಲಾಳಿ ನಮ್ಮ ಕಟ್ಟುಗಳನ್ನು ಕಾಲಿನಿಂದ ಸರಿಸುತ್ತಿದ್ದದ್ದು ನೆನಪಾಯಿತು.

ಅದಕ್ಕೇ ಇವತ್ತು ದೊಡ್ಡ ಪಾತ್ರೆಯಲ್ಲಿ ಪುಂಡಿಪಲ್ಯ ಮಾಡಿ, ಬಿಸಿ ರೊಟ್ಟಿ ಬಡಿದು, ಸಂತೆಗೇ ಹೊತ್ತುಕೊಂಡು ಹೋದೆ. ಜಡೆಪ್ಪನ ಕೈಲಿ ವಿಜಯಲಕ್ಷ್ಮಿಗೆ ಫೋನ್ ಮಾಡಿಸಿದೆ. ಬಂದವರಿಗೆಲ್ಲ ರೊಟ್ಟಿ ಚೂರಿನ ಮೇಲೆ ಪಲ್ಯ ಇಟ್ಟು ಕೊಟ್ಟು, ಮಾಡುವ ಬಗೆಯನ್ನು ಗಂಟಲು ಒಣಗುವ ತನಕ ಹೇಳಿದೆ. ಬಿಸಿಲೇರುವ ಮೊದಲೇ ಬುಟ್ಟಿ ಖಾಲಿ! ನಾನು ಉಬ್ಬಿ ಕೂತಿರುವಾಗ ವಿಜಯಲಕ್ಷ್ಮೀ ಬೆರಳು ಚೀಪುತ್ತಾ ಏನು ಕೇಳಿದಳು ಗೊತ್ತೇ? "ಅದೇ ರುಚಿ! ಪಲ್ಲವಿ ಕಂಪ್ಲಿಯಿಂದ ಮಾಡಿ ಕಳಿಸಿದ್ಲಾ?" ಎಂದಳು. ಸುತ್ತ ಇದ್ದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು.

ಇರಲಿ ಬಿಡು. ತಲೆಗೆ ಬಟ್ಟೆ ಕಟ್ಟಿಕೋ, ತಣ್ಣೀರು ಮುಟ್ಟಬೇಡ. ಪಂಪಾ ವಿರೂಪಾಕ್ಷ ನಿಮ್ಮಿಬ್ಬರನ್ನೂ ಕಾಯಲಿ. ಬೀಗರಿಗೆ ನಮಸ್ಕಾರ ತಿಳಿಸು, ನಿಮ್ಮವ್ವನಿಗೂ.

ಇಂತಿ ನಿನ್ನ ಅತ್ತೆ,
ಪಂಪಮ್ಮ

ಮ.ವಿ: ಹಂಪೇಶ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ಕೂಗುತ್ತಿದ್ದಾನೆ. ವಿಜಯಲಕ್ಷ್ಮೀ ಕೇಳಿದ್ದಕ್ಕೆ ನಾನು "ಹೌದ್ರಿ, ಆಕೀನೇ ಕಳಿಸ್ಯಾಳ" ಅಂದೆ. ನಾನೇ ಮಾಡಿದ್ದು ಎಂದಿದ್ದರೆ ನಾಳೆಯಿಂದ ಅವರೆಲ್ಲ ನಿನ್ನನ್ನು ಕೇಳುವುದು ಬಿಟ್ಟು ನನ್ನನ್ನು ಕೇಳುತ್ತಿದ್ದರು, ಆಮೇಲೆ ನೀನು ಸಂತೆಯ ಕಡೆ ತಲೆ ಹಾಕುತ್ತಿರಲಿಲ್ಲ. ನಿನ್ನ ಪಕ್ಕದಲ್ಲಿ ಕೂತರೆ ಹೊಟ್ಟೆ ಉರಿಯುತ್ತದೆ, ನೀನಿಲ್ಲದೆ ಕೂತರೆ ಹೊತ್ತೇ ಹೋಗುವುದಿಲ್ಲ. ಕೂಸಿಗೆ ಮೂರು ತಿಂಗಳು ತುಂಬಿದ ಕೂಡಲೇ ಬಾ, ನೀನು ಮಾರು, ನಾನು ಕೂಸನ್ನು ಆಡಿಸುತ್ತೇನೆ. ಪಲ್ಯದ ಹೆಸರು ನಿನಗೇ ಇರಲಿ, ಕೂಸಿನ ಮೊದಲ ತುತ್ತು ಮಾತ್ರ ನನ್ನ ಕೈಯದು. ನಿಮ್ಮವ್ವನದಲ್ಲ.