ಹರಾಜಿಗೆ ಹೊರಟ ಸವತಿ

ಮನೆಯಿಂದ, ಅಡುಗೆಮನೆಯ ಕಿಟಕಿಯ ಪಕ್ಕ
ಗುರುವಾರ, ಮಧ್ಯಾಹ್ನ

ಮೊದಲು ಈ ಕಾಗದ ಒಡೆದವರು ಯಾರು ಹೇಳಿ. ನನ್ನ ಮೊಮ್ಮಗಳಲ್ಲದೆ ಅವಳ ಕೋಣೆಯಲ್ಲಿರುವ ಇನ್ನೊಬ್ಬಳೋ, ಬಾಗಿಲಲ್ಲಿ ಕಾಗದ ಇಸಿದುಕೊಂಡವರೋ ಆಗಿದ್ದರೆ ಇಲ್ಲಿಗೇ ಮಡಚಿ ಅವಳ ದಿಂಬಿನ ಮೇಲಿಡಿ. ಬೇರೆಯವರ ಮನೆಯ ಮಾತು ಓದಿ ನಿಮಗೇನಾಗಬೇಕು? ಕೈಗೆ ಕೆಲಸವಿಲ್ಲವೇ? ಇನ್ನು ಓದುತ್ತಿರುವವಳು ನೀನೇ ಆಗಿದ್ದರೆ, ನಿನ್ನ ಪಾಲಿನ ಬೈಗುಳ ಬೇರೆಯೇ ಇದೆ, ನೆಟ್ಟಗೆ ಕೂತು ಓದು. ಹೋಗಿ ಎಷ್ಟು ಕಾಲವಾಯಿತು? ಫೋನಿನಲ್ಲಿ ಬಿಸಿಲು, ಊಟ, ನಿದ್ದೆ ಎಲ್ಲ ಮಾತಾಡುತ್ತೀಯ. ನಿನ್ನಪ್ಪನ ಸುದ್ದಿ ಎತ್ತಿದ ತಕ್ಷಣ “ಅಜ್ಜಿ, ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ” ಎಂದು ಕಟ್ ಮಾಡುತ್ತೀಯ. ಕೇಳಿಸದಿರುವ ರೋಗ ಈ ವಯಸ್ಸಿನಲ್ಲಿ ನನಗೆ ಬರಬೇಕು, ನಿನಗಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು. ಹರಿದರೆ ನಿನ್ನ ಕಿವಿ ಹಿಂಡಲು ನಾನೇ ಬಸ್ಸು ಹತ್ತುತ್ತೇನೆ.

ನನ್ನ ಮೊಂಡು ಪುಟ್ಟಿ, ಹೇಗಿದ್ದೀಯ? ಕೆಮ್ಮು ಹೋಯಿತೇ? ನಿಮ್ಮ ಬಸ್ ಕಟ್ಟುವ ಕಾರ್ಖಾನೆಯಲ್ಲಿ ಬಣ್ಣವನ್ನು ಯಂತ್ರವೇ ಬೆರೆಸಿ ಕೊಡುತ್ತದೆ, ಗುಂಡಿ ಒತ್ತಿದರೆ ಸಾಕು ಎಂದು ನಿನ್ನಮ್ಮನಿಗೆ ಹೇಳಿದೆಯಂತೆ. ಬೆರೆಸುವುದು ಯಂತ್ರವಾದರೂ ಆ ಗಾಳಿ ಕುಡಿಯುವವಳು ನೀನೇ ತಾನೆ? ಮೂಗಿಗೆ ಬಟ್ಟೆ ಕಟ್ಟಿಕೊ. ಸಂಜೆ ಉಗುರಿನ ಸಂದಿ ತೊಳೆಯದೆ ತಟ್ಟೆಗೆ ಕೈ ಹಾಕಬೇಡ. ನಿನ್ನಮ್ಮ ಚೆನ್ನಾಗಿದ್ದಾಳೆ, ಹೊಲಿಗೆ ಅಂಗಡಿಯಿಂದ ಬರುವುದು ತಡವಾಗುತ್ತದೆ ಅಷ್ಟೆ. ನನ್ನ ಮಂಡಿ ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಈ ಮನೆಯಲ್ಲಿ ಯಾರು ಕೇಳುತ್ತಾರೆ, ಅದೊಂದು ಕೇಳಲು? ಅಕ್ಷರ ವಕ್ರವಾಗಿದ್ದರೆ ಸಹಿಸಿಕೊ. ನಾನು ಶಾಲೆಗೆ ಹೋದದ್ದಕ್ಕಿಂತ ಶಾಲೆಯ ಅಂಗಳ ಗುಡಿಸಿದ್ದೇ ಹೆಚ್ಚು.

ಈಗ ಸುದ್ದಿ. ನನ್ನ ಸವತಿ ಹರಾಜಿಗೆ ಹೋಗುತ್ತಿದ್ದಾಳೆ. ನಗಬೇಡ. ನಿಮ್ಮಜ್ಜನ ಹಳೇ ಜೀಪಿಗೆ ಆ ಹೆಸರಿಟ್ಟವಳು ನಾನೇ, ಇಟ್ಟದ್ದರಲ್ಲಿ ತಪ್ಪೂ ಇಲ್ಲ. ಅವಳ ಇಂಜಿನ್ನು ಸ್ವಲ್ಪ ಕೆಮ್ಮಿದರೆ ತಟ್ಟೆಯ ಮುಂದಿನಿಂದ ಎದ್ದು ಹೋಗುತ್ತಿದ್ದ ಮನುಷ್ಯ, ನನಗೆ ಜ್ವರ ಬಂದರೆ “ಒಂದು ಮಾತ್ರೆ ನುಂಗಿ ಮಲಗು” ಎನ್ನುತ್ತಿದ್ದರು. ನಾನು ಈ ಮನೆಗೆ ಬಂದ ಮರುವರ್ಷ ಅವಳೂ ಬಂದಳು, ಗಣಿಯವರು ಹಳೇ ಸಾಮಾನು ಹರಾಜು ಹಾಕಿದಾಗ. ಯಾರೂ ಕೈ ಎತ್ತಲಿಲ್ಲವಂತೆ, ಇವರೊಬ್ಬರೇ ಎತ್ತಿದರಂತೆ. ಬಾಗಿಲಿಗೆ ಚಿಲಕವಿರಲಿಲ್ಲ, ಸೀಟಿನಲ್ಲಿ ಇಲಿ ಸಂಸಾರ ಹೂಡಿತ್ತು. ಆದರೆ ನಾಲ್ಕೂ ಚಕ್ರ ಒಟ್ಟಿಗೆ ಎಳೆದರೆ ಅವಳು ಹತ್ತದ ದಿಣ್ಣೆ ಇರಲಿಲ್ಲ. ಕೆಸರಿನಲ್ಲಿ ಹೂತ ಲಾರಿಗಳನ್ನು ಎಳೆದಳು, ಬಾವಿ ಕೊರೆಯುವವರ ಕೊಳವೆ ಹೊತ್ತಳು, ನಿನ್ನಪ್ಪನ ಮದುವೆಗೆ ಕುರ್ಚಿ ತಂದಳು. ಅವಳನ್ನು ಬಿಚ್ಚಿ ಕಟ್ಟುವುದನ್ನು ಕಲಿತೇ ನಿಮ್ಮಜ್ಜ ಹಳೇ ಜೀಪುಗಳನ್ನು ಹೊಸದು ಮಾಡುವ ಶೆಡ್ಡು ಹಾಕಿದ್ದು. ಅದರಿಂದಲೇ ನಾವೆಲ್ಲ ಉಂಡದ್ದು.

ಈಗ ಅಂಥ ಜೀಪುಗಳನ್ನು ಗಾಜಿನ ಗೋಡೆಯ ದೊಡ್ಡ ಹಾಲಿನಲ್ಲಿ, ರತ್ನಗಂಬಳಿಯ ಮೇಲೆ, ದೀಪದ ಕೆಳಗೆ ನಿಲ್ಲಿಸಿ ಹರಾಜು ಕೂಗುತ್ತಾರಂತೆ. ಹರಾಜಿನವನೊಬ್ಬ ಬಂದಿದ್ದ. ಬೊಕ್ಕತಲೆ, ಇಸ್ತ್ರಿ ಮುರಿಯದ ಅಂಗಿ. ಆದರೆ ಹಿಂದೆಮುಂದೆ ನೋಡದೆ ನೆಲದ ಮೇಲೆ ಅಂಗಾತ ಮಲಗಿ ಅವಳ ಹೊಟ್ಟೆಯ ಕೆಳಗೆ ಟಾರ್ಚು ಬಿಟ್ಟ. ಅದಕ್ಕೇ ನನಗೆ ಅವನ ಮೇಲೆ ಸ್ವಲ್ಪ ಮರ್ಯಾದೆ ಬಂತು. “ಅಜ್ಜಿ, ಇಂಥ ಗಾಡಿ ಈಗ ಹುಡುಕಿದ್ರೂ ಸಿಗಲ್ಲ. ಬಂಗಲೆ ಮುಂದೆ ನಿಲ್ಲಿಸ್ಕೊಳ್ಳೋಕೆ ಜನ ಮುಗಿಬೀಳ್ತಾರೆ” ಅಂದ. “ನಿಲ್ಲಿಸೋಕಾ? ಓಡಿಸೋಕಲ್ವಾ?” ಅಂದೆ. “ಓಡಿಸಲ್ಲ ಅಜ್ಜಿ, ನೋಡ್ತಾರೆ” ಅಂದ. “ಹಾಗಾದ್ರೆ ನನ್ನನ್ನೂ ಜೊತೆಗೆ ತಗೊಂಡ್ಹೋಗಪ್ಪ, ನಾನೂ ನಿಂತಲ್ಲೇ ನಿಂತಿರ್ತೀನಿ” ಅಂದೆ. ನಿನ್ನಪ್ಪ ನಗಲಿಲ್ಲ. ಯಾಕೆ ಮಾರುತ್ತೀಯ ಎಂದು ಕೇಳಿದ್ದಕ್ಕೆ “ಸಾಕಾಯ್ತಮ್ಮ, ಶೆಡ್ಡು ಮುಚ್ಚಿಬಿಡೋಣ” ಅಂದ. ಅದಕ್ಕಿಂತ ಹೆಚ್ಚಿಗೆ ಒಂದು ಮಾತಿಲ್ಲ. ಬಾಯಿ ಬಿಗಿಯುವುದರಲ್ಲಿ ಅವನು ನಿನ್ನ ಅಪ್ಪನೋ, ನೀನು ಅವನ ಅಮ್ಮನೋ ನನಗೆ ಇನ್ನೂ ಬಗೆಹರಿದಿಲ್ಲ.

ಹರಾಜಿನವನಿಗೆ ಎಲ್ಲ ಹಿಡಿಸಿತು, ಒಂದನ್ನು ಬಿಟ್ಟು. ನಿಮ್ಮಜ್ಜ ಕೊನೆಗಾಲದಲ್ಲಿ ಗೋಡೆಗೆ ಗುದ್ದಿ ಎಡಗಡೆಯ ಮಡ್‌ಗಾರ್ಡ್ ಜಜ್ಜಿದ್ದರಲ್ಲ, ಆಮೇಲೆ ಗುಜರಿಯಿಂದ ಬೇರೆ ತಂದು ಹಾಕಿ ಬಣ್ಣ ಹಚ್ಚದೆ ಹಾಗೇ ಬಿಟ್ಟರಲ್ಲ, ಅದು. “ಒಂದು ಕೆನ್ನೆ ಮಾತ್ರ ಬೋಳಾಗಿದೆ. ಮೈಯ ಬಣ್ಣವನ್ನೇ ಅದಕ್ಕೂ ಹಚ್ಚಿ, ಸಾಕು” ಎಂದು ಹೇಳಿ ಹೋದ. ಮೈಯ ಬಣ್ಣ ಎಂದರೆ ನಿನಗೆ ಹೇಳಬೇಕಾಗಿಲ್ಲ. ಒಣಹುಲ್ಲಿಗೂ ಹಸಿ ಎಲೆಗೂ ನಡುವಿನ ಆ ಹಸಿರು. ಅದರ ಡಬ್ಬಿ ಎಲ್ಲೂ ಸಿಗುವುದಿಲ್ಲ, ಬೆರೆಸಿಯೇ ಹುಟ್ಟಿಸಬೇಕು. ಅದಕ್ಕೇ ಅಲ್ಲವೇ ನಿಮ್ಮಜ್ಜ ಶೆಡ್ಡಿಗೆ ಬಂದ ಪ್ರತಿ ಗಾಡಿಯಲ್ಲೂ ಡ್ರೈವರ್ ಸೀಟಿನ ಅಡಿ ಅಂಗೈಯಗಲ ಹಳೇ ಬಣ್ಣ ಬಿಡುತ್ತಿದ್ದದ್ದು. ಅದರ ಮೇಲೆ ಉಪ್ಪುಕಾಗದ ಆಡಿಸಿ ಬಣ್ಣ ಕೆರೆದವರಿಗೆ ಆ ದಿನ ಬೈಗುಳವೇ ಊಟ. ಬೆರೆಸಿದ್ದನ್ನು ತಗಡಿನ ತುಂಡಿಗೆ ಹಚ್ಚಿ, ಬಿಸಿಲಿಗೆ ಒಣಗಿಸಿ, ಆ ಅಂಗೈಯಗಲದ ಪಕ್ಕ ಹಿಡಿಯಬೇಕು. ಬೆರೆಸಿದವನು ತಾನೇ ಸರಿ ಎನ್ನಬಾರದು. ಇನ್ನೊಬ್ಬರ ಕಣ್ಣು ಅದನ್ನು ನೋಡಿ ಹೂಂ ಎನ್ನಬೇಕು, ಇಲ್ಲವೇ ಉಹೂಂ. ಮೊದಲು ಆ ಕಣ್ಣು ನನ್ನದಾಗಿತ್ತು. ಆಮೇಲೆ ನಿನ್ನದಾಯಿತು. ಸ್ಟೂಲಿನ ಮೇಲೆ ನಿಂತು ನೀನು ಉಹೂಂ ಎಂದರೆ ನಿಮ್ಮಜ್ಜ ಮರುಮಾತಿಲ್ಲದೆ ಡಬ್ಬಿ ಮತ್ತೆ ಕಲಕುತ್ತಿದ್ದರು.

ಅದರಿಂದಲೇ ನೀನು ಮನೆ ಬಿಟ್ಟೆ ಎಂಬುದನ್ನು ನಾನು ಮರೆತಿಲ್ಲ. ಆ ಗಡ್ಡದ ಗಿರಾಕಿಯ ಬೆಣ್ಣೆ ಬಣ್ಣದ ಜೀಪು. ನಿನ್ನಪ್ಪ ಬೆರೆಸಿದ, ನೀನು ಉಹೂಂ ಅಂದೆ. ಮತ್ತೆ ಬೆರೆಸಿದ, ಮತ್ತೆ ಉಹೂಂ. ಕೊನೆಗೆ ಗಿರಾಕಿಯ ಎದುರೇ “ಅಪ್ಪ, ಇದು ಬೆಣ್ಣೆಯಲ್ಲ, ಸುಣ್ಣ” ಅಂದೆ. ಅವನು “ನಿನ್ನ ಕಣ್ಣಿಗೇನಾಗಿದೆಯೋ ಮೊದಲು ಹೋಗಿ ತೋರಿಸ್ಕೋ. ಕಾಣದವರಿಗೆ ನನ್ನ ಶೆಡ್ಡಲ್ಲಿ ಕೆಲಸ ಇಲ್ಲ” ಎಂದುಬಿಟ್ಟ. ನೀನು ಸ್ಟೂಲನ್ನು ಗೋಡೆಗೆ ತಳ್ಳಿ “ಇನ್ಮೇಲೆ ನಿನ್ನ ಬಣ್ಣಕ್ಕೆ ನಾನು ಕಣ್ಣಾಗಲ್ಲ” ಎಂದು ಚೀಲ ಎತ್ತಿಕೊಂಡೆ. ನಾನು ಬಾಗಿಲಲ್ಲಿ ಅಡ್ಡ ನಿಂತರೆ ನನ್ನನ್ನು ಬಳಸಿಕೊಂಡು ಹೋದೆ. ಸ್ಟೂಲು ಇನ್ನೂ ಆ ಗೋಡೆಯ ಬುಡದಲ್ಲೇ ಇದೆ. ಅದನ್ನು ಎತ್ತಿಡಲು ಹೋದ ನಿನ್ನಮ್ಮನಿಗೆ ಅವನು “ಇರಲಿ ಬಿಡು” ಅಂದ.

ಈ ಸಲ ಅವನು ಒಬ್ಬನೇ ಬೆರೆಸಿದ. ಶೆಡ್ಡಿನ ಬಾಗಿಲು ಹಾಕಿಕೊಂಡು, ತಗಡಿನ ಮೇಲೆ ತಗಡು ಹಚ್ಚಿ, ಅಂಗಳದ ತಂತಿಗೆ ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ನೇತುಹಾಕಿದ. ತಗಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದ. ವಾಸನೆ ನೋಡುತ್ತಾನೋ ಏನೋ ಅಂದುಕೊಂಡೆ. ಕಡೆಗೆ ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು “ಅಮ್ಮ, ಒಂದ್ನಿಮಿಷ ಬಾ, ನೋಡು” ಅಂದ. ಅವನ ದನಿ ಕೇಳಿ, ಪರೀಕ್ಷೆಯ ಫಲಿತಾಂಶ ಹೇಳಲು ಬರುತ್ತಿದ್ದ ಹುಡುಗನ ನೆನಪಾಯಿತು. ಗೋಡೆ ಹಿಡಿದುಕೊಂಡು ಹೋದೆ. ಮಡ್‌ಗಾರ್ಡ್ ಹೊಳೆಯುತ್ತಿತ್ತು. ಒಂದು ಗೆರೆ ಇಲ್ಲ, ಒಂದು ಗುಳ್ಳೆ ಇಲ್ಲ, ನಿಮ್ಮಜ್ಜನೂ ಅಷ್ಟು ನಯವಾಗಿ ಹಚ್ಚಿರಲಾರರು. ಆದರೆ ಬಣ್ಣ ಹಸಿರಲ್ಲ ಪುಟ್ಟಿ. ಔಷಧಿ ಸೀಸೆಯ ತಳದ ಹಾಗೆ ನೀಲಿಗೆ ತಿರುಗಿತ್ತು. ಬೇರೆ ಯಾರದೋ ಮೈಯಿಂದ ಕಿತ್ತು ತಂದು ಅಂಟಿಸಿದ ಕೆನ್ನೆ. ಅವನು ಬಟ್ಟೆಯಲ್ಲಿ ಕೈ ಒರೆಸುತ್ತಾ, ಗಾಡಿಯ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ. ಹುಟ್ಟಿದಾಗಿನಿಂದ ಯಾರ ಮುಲಾಜಿಗೂ ಬಾಯಿ ಮುಚ್ಚದವಳು ನಾನು, ನಿನಗೇ ಗೊತ್ತು. ಆದರೂ ಹೂಂ ಅಂದೆ. ಯಾಕೆ ಅಂದೆ ಎಂದು ಕೇಳಬೇಡ. ಆ ಮುಖದ ಮುಂದೆ ನೀನಿದ್ದಿದ್ದರೆ ಏನು ಹೇಳುತ್ತಿದ್ದೆಯೋ, ಅದನ್ನೇ ಅಂದಿನಿಂದ ಯೋಚಿಸುತ್ತಿದ್ದೇನೆ.

ಹರಾಜಿನವನು ಮತ್ತೆ ಬಂದ. ಹರಾಜಿನ ಪುಸ್ತಕದಲ್ಲಿ ಅಚ್ಚು ಹಾಕಿಸಲು ಫೋಟೊ ತೆಗೆಯಬೇಕಿತ್ತಂತೆ. ಸುತ್ತು ಹಾಕಿ ಎಡಗಡೆಗೆ ಬಂದು ನಿಂತ. ನನ್ನ ಕಡೆ ನೋಡಿದ, ನಾನು ಸೆರಗಿನ ಅಂಚು ನೋಡಿದೆ. “ಯಜಮಾನ್ರೇ, ಇದೊಂದಕ್ಕೆ ಯಾಕೆ ನೀಲಿ ಹಚ್ಚಿದ್ರಿ?” ಅಂದ. ಹಂಗಿಸುವ ದನಿಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ನಿನ್ನಪ್ಪ “ನೀಲಿನಾ? ಎಲ್ಲಿ?” ಅಂದ. ನಿನ್ನಪ್ಪ ಸೀಟು ಎತ್ತಿ ಅಂಗೈಯಗಲದ ಬಣ್ಣ ನೋಡಿದ, ಬಂದು ಮಡ್‌ಗಾರ್ಡ್ ನೋಡಿದ, ಮತ್ತೆ ಹೋಗಿ ಸೀಟಿನಡಿ ಬಗ್ಗಿದ. ಆಮೇಲೆ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು, ಬಣ್ಣವನ್ನು ಮುಟ್ಟಿಯೇ ತಿಳಿಯಬಹುದು ಎನ್ನುವ ಹಾಗೆ ಸವರಿದ. ಹರಾಜಿನವನು ಒಳ್ಳೆಯವನು, ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು “ಅವಸರ ಇಲ್ಲ, ಲಾರಿ ಬರೋದು ಮುಂದಿನ ತಿಂಗಳ ಕೊನೆಗೆ” ಎಂದು ಹೊರಟ. ಅವನು ತಿರುವು ದಾಟುವುದಕ್ಕೂ ಮೊದಲೇ ನಿನ್ನಪ್ಪ ಉಪ್ಪುಕಾಗದ ಹಿಡಿದು ಕೂತಾಗಿತ್ತು. ಸಂಜೆಯ ಹೊತ್ತಿಗೆ ಆ ಕೆನ್ನೆ ಮತ್ತೆ ಬೋಳು ಕಬ್ಬಿಣ.

ಹೀಗಿದೆ ನೋಡು ನನ್ನ ಸವತಿಯ ಪಾಡು. ಹರಾಜಿನಿಂದ ಬಂದವಳು ಹರಾಜಿಗೇ ಹೋಗುತ್ತಾಳೆ, ಅದಕ್ಕೆ ನಾನು ಅಳುವುದಿಲ್ಲ. ನಿನ್ನೆ ಅವಳ ಪಕ್ಕದ ಸೀಟಿನಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದೆ. ಹತ್ತುವುದು ಕಷ್ಟವಾಯಿತು, ಇಳಿಯುವುದು ಇನ್ನೂ ಕಷ್ಟವಾಯಿತು. ನಿಮ್ಮಜ್ಜನ ಬೆವರಿನ ವಾಸನೆ ಆ ಸೀಟಿನಲ್ಲಿ ಈಗಲೂ ಇದೆ ಎಂದರೆ ನೀನು ನಂಬುವುದಿಲ್ಲ, ಬೇಡ ಬಿಡು. ನಿನ್ನಮ್ಮ ನಿನಗೆ ಎರಡು ಅಂಗಿ ಹೊಲಿದಿಟ್ಟಿದ್ದಾಳೆ, ಅಳತೆ ಹಳೆಯದೇ, ಸೊರಗಿದ್ದರೆ ಹೇಳು. ಹೊತ್ತು ಹೊತ್ತಿಗೆ ಉಣ್ಣು. ನೂರು ಕಾಲ ಬಾಳು. ನಿನ್ನ ಕಣ್ಣು ಚೆನ್ನಾಗಿರಲಿ.

ಇಂತಿ ನಿನ್ನ ಬಾಯಿಬಡುಕಿ
ಅಜ್ಜಿ

ತಾ.ಕ.: ಮೇಲೆ ಬರೆದದ್ದೆಲ್ಲ ಇದನ್ನು ಬರೆಯಲು ಧೈರ್ಯ ಬರಲಿ ಎಂದು ಬರೆದದ್ದು. ಅಂಚೆಪೆಟ್ಟಿಗೆ ತೆರೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ನಿನ್ನಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ. ನಿನ್ನಮ್ಮ ಎಳೆದುಕೊಂಡು ಹೋಗಿ ತೋರಿಸಿದಳು. ಇವತ್ತಿನದಲ್ಲವಂತೆ, ವರ್ಷಗಳಿಂದ ಕಟ್ಟಿಕೊಂಡು ಬಂದದ್ದಂತೆ. ಪೊರೆಯ ಒಳಗಿಂದ ನೋಡುವವನಿಗೆ ಎಲ್ಲವೂ ಹಳದಿ ಹಿಡಿದ ಹಾಗೆ ಕಾಣುತ್ತದೆ, ಬೆಣ್ಣೆಗೂ ಸುಣ್ಣಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಕಣ್ಣಿನ ಡಾಕ್ಟರಮ್ಮ ಹೇಳಿದರು. ಅವರಿಗೆ ಆ ಗಿರಾಕಿಯ ವಿಷಯ ಯಾರೂ ಹೇಳಿರಲಿಲ್ಲ, ಬೆಣ್ಣೆ ಸುಣ್ಣ ಎಂಬ ಮಾತು ಅವರ ಬಾಯಲ್ಲಿ ತಾನಾಗಿಯೇ ಬಂತು. ನಿನ್ನಪ್ಪ ತಲೆ ತಗ್ಗಿಸಿದವನು ಮನೆಗೆ ಬರುವವರೆಗೂ ಎತ್ತಲಿಲ್ಲ. ಬಂದವನು ನನ್ನ ಮುಂದೆ ಕೂತು, “ನೀನೂ ಹೂಂ ಅಂದ್ಯಲ್ಲಮ್ಮ. ಅವಳಾಗಿದ್ರೆ ಹೇಳ್ತಿದ್ಲು” ಅಂದ. ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಪೊರೆ ತೆಗೆಯಲು ಮುಂದಿನ ತಿಂಗಳ ಮೊದಲ ವಾರ ದಿನ ಕೊಟ್ಟಿದ್ದಾರೆ. ಹೋಗಲ್ಲ ಅನ್ನುತ್ತಾನೆ. “ಕಣ್ಣು ಬಂದು ಯಾರಿಗೆ ತೋರಿಸ್ಲಿ, ಶೆಡ್ಡೇ ಮುಚ್ತಿದೀನಲ್ಲ” ಅನ್ನುತ್ತಾನೆ. ನಿನಗೆ ಬರೆಯಕೂಡದು, ತಾನೇ ಒಂದು ದಿನ ಹೇಳುತ್ತೇನೆ ಎಂದೂ ಹೇಳಿದ್ದಾನೆ. ಅವನು ಹೇಳುವಷ್ಟರಲ್ಲಿ ನಾನಿರುವುದಿಲ್ಲ, ಅದಕ್ಕೇ ಬರೆದೆ. ಲಕೋಟೆಯಲ್ಲಿ ಅವನು ಹಚ್ಚಿದ ತಗಡಿನ ತುಂಡು ಒಂದಿದೆ, ಬೆರಳು ಕೊಯ್ದುಕೊಳ್ಳಬೇಡ. ಬಿಸಿಲಿಗೆ ಹಿಡಿದು ನೋಡು. ಸವತಿಯ ಬಣ್ಣ ನಿನ್ನ ಕಣ್ಣಿನಲ್ಲಿ ಇದ್ದೇ ಇದೆ. ನೋಡಿ ಅವನ ಹೆಸರಿಗೇ ಬರೆ, ನನಗಲ್ಲ. ನನ್ನ ಹಾಗೆ ಮುಖ ನೋಡಿ ಹೂಂ ಅನ್ನಬೇಡ. ಉಹೂಂ ಎಂದೇ ಬರೆ. ಈ ಮನೆಯಲ್ಲಿ ಅವನು ಕಾಯುತ್ತಿರುವುದು ಆ ಒಂದು ಮಾತಿಗೆ. ಅದು ಬಂದರೆ ಡಬ್ಬಿ ಮತ್ತೆ ಕಲಕಲಿಕ್ಕಾದರೂ ಪೊರೆ ತೆಗೆಸಿಕೊಳ್ಳಲು ಹೋಗುತ್ತಾನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ನಿನ್ನ ಕಾಗದ ಅವನ ಕೈಯಲ್ಲಿರಬೇಕು.